ಮುನ್ನೂರಾ ಎರಡು ಹೋಯಿತಂತೆ

ಟೀವಿಯವರ ಬಾಯಿಗೆ ಮಣ್ಣು ಹಾಕ! ಹಳೆಯ ದಂಡಸಂಹಿತೆ ರದ್ದಾಯಿತು, ಕೊಲೆಯ ಕಲಂ ಮುನ್ನೂರಾ ಎರಡು ಇನ್ನಿಲ್ಲ ಎಂದು ಅವರು ಕೂಗಿದ್ದೇ ತಡ, ನಮ್ಮವ್ವ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು.

ಹುನಗುಂದದ ಚಹಾದಂಗಡಿ ಮುಂದೆ ಜಗಳ ತೆಗೆದು, ಒಬ್ಬ ನನ್ನ ತಮ್ಮನನ್ನು ಚೂರಿ ಹಾಕಿ ಕೊಂದಿದ್ದ. ಬಾಗಲಕೋಟೆಯ ಕೋರ್ಟಿನಲ್ಲಿ ಕೇಸು ವಾಯಿದೆ ಮೇಲೆ ವಾಯಿದೆ ಬಿದ್ದು ನಡೆದೇ ಇತ್ತು. ಅಕ್ಷರ ಬಾರದ ಅವ್ವನಿಗೆ ಕಾಯ್ದೆಯೆಂದರೆ ಆ ಸಂಖ್ಯೆಯೊಂದೇ.

“ಅದನ್ನ ತಗದ್ರಂದ್ರ ಕೊಂದವನ್ನ ಬಿಟ್ಟಂಗಲ್ಲೇನ?” ಎಂದಳು.

“ಹಂಗ ಬಿಡಾಕ ಬರೂದಿಲ್ಲ ಬೇ, ಸುಮ್ನ ಉಣ್ಣು!” ಎಂದು ರೇಗಿದೆ. ಖರೆ ಅಂದರೆ ನನಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಣಿಯಲ್ಲಿ ಕೂಡ್ರಿಸಿ ಮಣ್ಣು ಕೊಡುತ್ತೇವೆ. ತಮ್ಮ ಹಾಗೆ ಕುಂತೇ ಅವ್ವನ ಕನಸಿಗೆ ಬರುತ್ತಿದ್ದ. “ಅವ್ವಾ, ಕೇಸ್ ಮುಗೀತೇನು? ಏಳ್ಲೇನು?” ಎಂದು ಕೇಳುತ್ತಿದ್ದನಂತೆ. ಆ ಸುದ್ದಿ ಕೇಳಿದ ಮೇಲೆ ಅವನು ಬರುವುದೇ ನಿಂತಿತು. “ಅಂವಗೂ ಗೊತ್ತಾಗೇತಿ. ನನ್ನ ಮ್ಯಾಲೆ ಸಿಟ್ಟಾಗ್ಯಾನ” ಎಂದು ಅವ್ವ ಅನ್ನ ನೀರು ಬಿಟ್ಟಳು. ಇವಳನ್ನೂ ಕಳಕೊಂಡೇನು ಎಂದು ಹೆದರಿದೆ.

ಕಡೆಗೆ ಅವಳನ್ನು ಬಾಗಲಕೋಟೆಗೆ, ಸರಕಾರಿ ವಕೀಲರ ಹತ್ತಿರ ಕರೆದೊಯ್ದೆ. ಅವರು ಕೋಟು ಕಳಚಿ ಕುರ್ಚಿಗೆ ಹಾಕಿ, ಅವ್ವನ ಎದುರು ಕೂತರು.

“ಯಾರನ್ನೂ ಬಿಟ್ಟಿಲ್ಲ ಯವ್ವಾ. ಹೊಸಾ ಕಾಯ್ದೆ ಬಂದಮ್ಯಾಲೆ ಕೊಲಿ ಮಾಡಿದವ್ರಿಗೆ ಹೊಸಾ ಕಲಂ ಐತ್ರಿ. ನಿಮ್ಮ ಮಗನ್ನ ಕೊಂದದ್ದು ಹಳೇ ಕಾಯ್ದೆ ಇದ್ದಾಗ. ಹಿಂಗಾಗಿ ಆ ಕೇಸ್ ಮುಗಿಯೂತನಕ ಹಳೇದ ನಡಿತೈತಿ.”

“ಮುನ್ನೂರಾ ಎರಡು ನನ್ನ ಮಗನ ಸಲುವಾಗಿ ಇನ್ನೂ ಉಳದೈತಿ?”

“ಹೌದ್ರಿ.”

ಅವ್ವ ಸೆರಗು ಬಾಯಿಗೊತ್ತಿ ಅತ್ತಳು. ಹೊರಗೆ ಬಂದು ಒಂದು ಕಪ್ ಚಹಾ ಕುಡಿದಳು.

ಊರ ಬಸ್ಸಿನಲ್ಲಿ ಶಿರೂರು ದಾಟುವಷ್ಟರಲ್ಲಿ ನನ್ನ ಹೆಗಲಿಗೊರಗಿ ನಿದ್ದೆ ಹೋದಳು. ಎಚ್ಚರಾದಾಗ ಕಣ್ಣು ತೊಯ್ದಿದ್ದವು.

“ಬಂದಿದ್ದ. ಏಳ್ಲೇನು ಅಂದ.”

ಅವಳತ್ತ ತಿರುಗಿದೆ. “ನೀ ಏನಂದಿ?”

“ಇನ್ನೊಂದೀಟು ಕುಂದ್ರಪಾ, ನಾನೂ ಕುಂತೇನಿ ಅಂದೆ.”