ಖಣಿಯ ಮೀನು, ಕಾಕಾನ ಹೋಳಿಗೆ

ಮಲ್ಲಪ್ಪ ಕಾಕಾ ಮಾಡಿದ ಶೇಂಗಾ ಹೋಳಿಗೆಯನ್ನು ಕೈಯಿಂದ ಮುರಿದವರನ್ನು ನಾನು ಕಾಣೆ. ಅವನ ಅಜ್ಜ ಖಣಿಯಲ್ಲಿ ಕಲ್ಲು ಒಡೆದವನು. ಮೊಮ್ಮಗ ಹಂಚಿನ ಮೇಲೆ ಕಲ್ಲು ಬೇಯಿಸುತ್ತಿದ್ದ!

ತಿಕೋಟಾ ದಾರಿಯ ಆ ಕಲ್ಲಿನ ಖಣಿ ಮುಚ್ಚಿ, ನೀರು ತುಂಬಿ, ಮೀನು ಬೆಳೆದು ಎಷ್ಟೋ ಕಾಲವಾಗಿತ್ತು. ಅಲ್ಲಿ ದುಡಿದವರ ಮನೆತನಗಳೆಲ್ಲ ಜೋರಾಪುರ ಪೇಟೆಗೆ ಬಂದು ಅಂಗಡಿ ಹಾಕಿದ್ದವು. ಆದರೂ ವರ್ಷಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಖಣಿಯ ದಂಡೆಗೆ ಊಟಕ್ಕೆ ಹೋಗಲೇಬೇಕು. ಮನೆಗೊಂದು ಬುತ್ತಿ. ತಮ್ಮದನ್ನು ತಾವು ಉಣ್ಣುವಂತಿಲ್ಲ, ಅದಲುಬದಲು ಮಾಡಬೇಕು. ಬುತ್ತಿ ತಂದವನು ಮನೆಯವನು, ಬರಿಗೈಲಿ ಬಂದವನು ಬೀಗ, ಹೊರಗಿನ ನೆಂಟ.

ಹೆಂಡತಿ ಕಾಕೂ ತೀರಿದ ಮೇಲೆ ಕಾಕಾ ಒಂಟಿ. "ನೀ ಸುಮ್ಮ ಉಣ್ಣಾಕ ಬಾರೋ" ಎಂದರೆ ಸಿಟ್ಟಿಗೇಳುತ್ತಿದ್ದ. "ನಾ ಏನ್ ಬೀಗ ಅದೇನೇನ್ಲೇ? ನನ್ನ ಒಲಿ ಇನ್ನೂ ಆರಿಲ್ಲ!" ಅದು ಯುದ್ಧದ ರೇಶನ್ ಕಾಲ. ಚಹಾ ಬಿಟ್ಟು ತಿಂಗಳುಗಟ್ಟಲೆ ಹೋಳಿಗೆಗೆ ಬೆಲ್ಲ ಉಳಿಸುತ್ತಿದ್ದ ಪುಣ್ಯಾತ್ಮ.

ಹೊಸ ಸೊಸೆಯಾಗಿ ಹೋದ ಮೊದಲ ವರ್ಷವೇ ಅವನ ಬುತ್ತಿ ನನ್ನ ಪಾಲಿಗೆ ಬರಬೇಕೇ! ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಅತ್ತೆ ಕಿವಿಯಲ್ಲಿ ಉಸುರಿದರು: "ಹಲ್ಲ ಕಳಕೋಬ್ಯಾಡ ಬೇ, ಖಣ್ಯಾಗ ಒಗಿ. ಎಲ್ಲಾರೂ ಹಂಗ ಮಾಡೂದು." ಪುಣ್ಯಕ್ಕೆ ಕಾಕಾ ಯಾವಾಗಲೂ ನೀರಿಗೆ ಬೆನ್ನು ಮಾಡಿ ಕೂಡುತ್ತಿದ್ದ. ಡುಬ್ ಡುಬ್ ಎಂದು ನೀರಿಗೆ ಎಸೆದೆ. ಮೀನುಗಳು ಗುಂಪುಗೂಡಿ ಬಂದವು.

"ಹೆಂಗಿತ್ತವ್ವಾ ಹೋಳಗಿ?"

"ಭಾಳ ಛಲೋ ಇತ್ತರೀ ಕಾಕಾರ."

"ಮುಂದಿನ ವರ್ಷ ಇನ್ನೆರಡ ಜಾಸ್ತಿ ತರ್ತೇನಿ ತಗೋ!"

ಮಾತಿನಂತೆ ತಂದ. ವರ್ಷ ವರ್ಷ ಹೋಳಿಗೆ ಹೆಚ್ಚಿದವು, ಮೀನು ಕೊಬ್ಬಿದವು.

ಆಮೇಲೊಂದು ವರ್ಷ ಕಾಕಾ ಹಾಸಿಗೆ ಹಿಡಿದ. ಆದರೂ ಗೋಡೆ ಹಿಡಿದು ಎದ್ದು ಹೋಳಿಗೆ ಮಾಡಿ, ಗಂಟು ನನ್ನ ಕೈಗಿಟ್ಟ. "ನನಗ ಬರಾಕ ಆಗಂಗಿಲ್ಲವ್ವಾ. ನನ್ನ ಬುತ್ತಿ ಮಾತ್ರ ತಪ್ಪಬಾರ್ದು."

ಖಣಿಯ ದಂಡೆಯಲ್ಲಿ ಆ ಗಂಟು ಬಿಚ್ಚಿದಾಗ ಯಾರಿಗೂ ಒಗೆಯಲು ಕೈ ಬರಲಿಲ್ಲ. ನನಗಂತೂ ನನ್ನ ಮೇಲೇ ನಾಚಿಕೆಯಾಗಿತ್ತು. ಯಜಮಾನರು ಬಂಡಿಯಿಂದ ಸುತ್ತಿಗೆ ತಂದು ಒಡೆದರು. ಎಲ್ಲರೂ ಒಂದೊಂದು ಚೂರು ದವಡೆಗಿಟ್ಟು ಸಂಜೆಯವರೆಗೆ ಚೀಪಿದೆವು. ಕರಗಿದ ಮೇಲೆ, ಅಯ್ಯ ಶಿವನೇ, ರುಚಿ ಚೆನ್ನಾಗಿಯೇ ಇತ್ತು.

ಬರಿದಾದ ಅರಿವೆ ಹಿಡಿದು ಕಾಕಾನ ಮನೆಗೆ ಹೋದೆ. ನಾನು ಅವನನ್ನು ನೋಡಿದ್ದು ಅದೇ ಕಡೆಯ ಸಲ.

"ಒಂದ ಚೂರೂ ಉಳೀಲಿಲ್ಲರೀ ಕಾಕಾರ. ಎಲ್ಲಾರೂ ತಿಂದೇವಿ. ಖರೇನರೀ, ದೇವರಾಣಿ!"

ಕಾಕಾ ನನ್ನ ಮುಖವನ್ನೇ ನೋಡಿದ. ಕಣ್ಣು ತುಂಬಿ ಬಂದವು.

"ಅಯ್ಯ ಪಾಪ," ಎಂದ, "ಮತ್ತ ಮೀನ ಏನ ತಿಂದ್ವು?"