ಸಿಟ್ಟಿನಲ್ಲಿ ಮಾರಿದ ಷೇರುಗಳು

ನಮ್ಮ ಶಾಲೆ ಇದ್ದದ್ದು ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ. ನಾನು ಅಲ್ಲಿ ಹಿಂದಿ ಟೀಚರ್. ಗಣಿತದ ಮಾಷ್ಟ್ರು ಪುತ್ತಿಗೆಯವರು. ಬೆಳಿಗ್ಗೆ ಮೂಡುಬಿದಿರೆಯಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು.

ಷೇರಿನ ಹುಚ್ಚು ನನಗೆ ಹತ್ತಿದ್ದು ಅವರಿಂದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೂ ನಮ್ಮ ಕಡೆ ಉಳಿತಾಯವೆಂದರೆ ಚಿನ್ನ, ಇಲ್ಲದಿದ್ದರೆ ಬ್ಯಾಂಕಿನ ಡೆಪಾಸಿಟ್. ಮಾಷ್ಟ್ರು ಮಾತ್ರ ಪೇಪರಿನ ಒಳಪುಟದಲ್ಲಿ ಇರುವೆ ಸಾಲಿನ ಹಾಗೆ ಬರುತ್ತಿದ್ದ ಬೆಲೆಗಳನ್ನು ಓದಿ, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದರು.

"ಇವತ್ತು ಏರಿತು, ನಾಳೆ ಇಳಿಯಿತು, ಅದು ಲೆಕ್ಕಕ್ಕಿಲ್ಲ ಟೀಚರೇ," ಎನ್ನುತ್ತಿದ್ದರು. "ಗೆರೆ ಒಟ್ಟಾರೆ ಯಾವ ಕಡೆ ಹೋಗ್ತಾ ಉಂಟು ನೋಡ್ಬೇಕು. ಆ ಕಂಪೆನಿಯ ಕೆಲಸ ಏನು, ಅದಕ್ಕೆ ಲಾಭ ಉಂಟಾ, ಅದನ್ನೂ ನೋಡ್ಬೇಕು."

ನಾನು ತಲೆಯಾಡಿಸುತ್ತಿದ್ದೆ. ಗೆರೆಯನ್ನೂ ನೋಡಲಿಲ್ಲ, ಲಾಭವನ್ನೂ ನೋಡಲಿಲ್ಲ. ಅವರು ಯಾವುದನ್ನು ತೆಗೆದುಕೊಂಡರೋ ಅದನ್ನೇ ಸ್ವಲ್ಪ ತೆಗೆದುಕೊಂಡೆ. ಎರಡು ಸಾವಿರದ ನಾಲ್ಕರ ನಂತರ ಎಲ್ಲವೂ ಏರುತ್ತಲೇ ಹೋಯಿತು. ಸ್ಟಾಫ್ ರೂಮಿನಲ್ಲಿ ಸೂಚ್ಯಂಕದ ಬಗ್ಗೆ ನಾನೂ ಎರಡು ಮಾತು ಆಡುವವಳಾದೆ.

ಎರಡು ಸಾವಿರದ ಎಂಟರ ಜನವರಿ ಶುರುವಾಗಿತ್ತಷ್ಟೆ. ಅರ್ಧ ದಿನ ರಜೆ ಹಾಕಿ ಮೂಡುಬಿದಿರೆಯ ಷೇರು ಏಜೆಂಟನ ಆಫೀಸಿಗೆ ಹೋಗಿದ್ದೆ. ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ. ಟೀವಿ ಪರದೆಯ ಅಡಿಯಲ್ಲಿ ಬೆಲೆಗಳು ಓಡುತ್ತಿದ್ದವು. ಅದರ ಮುಂದೆ ರಜೆಯಲ್ಲಿ ಬಂದ ಗಲ್ಫಿನವರು, ರಿಟೈರಾದವರು, ಅಡಿಕೆ ವ್ಯಾಪಾರಿಗಳು, ಎಲ್ಲ ಗಂಡಸರೇ. ನನ್ನ ಖಾತೆಯಲ್ಲಿದ್ದ ಒಂದು ಕಂಪೆನಿಯ ಷೇರಿನ ಬಗ್ಗೆ ಕೇಳಿದೆ. ಏಜೆಂಟ್ ಕೇಳಿಸದವನಂತೆ ಕುಳಿತ. ಮತ್ತೆ ಕೇಳಿದಾಗ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದ: "ಇದೆಲ್ಲ ನಿಮಗೆ ತಲೆಗೆ ಹೋಗುವ ವಿಷಯ ಅಲ್ಲ ಮೇಡಂ. ಯಜಮಾನರನ್ನು ಕಳಿಸಿ, ಅವರಿಗೆ ಹೇಳ್ತೇನೆ."

ಯಾರೋ ಕಿಸಕ್ಕನೆ ನಕ್ಕರು. ನನ್ನ ಮುಖ ಉರಿಯಿತು.

"ನನ್ನದು ಎಲ್ಲ ಮಾರಿ," ಎಂದೆ. "ಈಗಲೇ. ಒಂದೂ ಇಡಬೇಡಿ."

ಮರುದಿನ ಬಸ್ಸಿನಲ್ಲಿ ವಿಷಯ ತಿಳಿದು ಮಾಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು. "ಎಂಥ ಕೆಲಸ ಮಾಡಿದಿರಿ ಮಾರಾಯ್ರೇ! ಗೆರೆ ಇನ್ನೂ ಮೇಲೆಯೇ ಹೋಗ್ತಾ ಉಂಟಲ್ಲ!" ನನಗೂ ತಪ್ಪು ಮಾಡಿದೆ ಅನಿಸಿತು. ಮತ್ತೆ ಕೊಳ್ಳಬೇಕೆಂದರೆ ಆ ಮೆಟ್ಟಿಲು ಹತ್ತಬೇಕಿತ್ತು. ಅಭಿಮಾನ ಬಿಡಲಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಮಾರುಕಟ್ಟೆ ಕುಸಿಯಿತು. ವರ್ಷವಿಡೀ ಕುಸಿಯುತ್ತಲೇ ಹೋಯಿತು.

ಸ್ಟಾಫ್ ರೂಮಿನಲ್ಲಿ ನಾನು ಜಾಣೆಯಾಗಿಬಿಟ್ಟೆ. "ನಮ್ಮ ಟೀಚರಿಗೆ ಮೊದಲೇ ಗೊತ್ತಿತ್ತು," ಎಂದು ಹೆಡ್ ಮಾಷ್ಟ್ರು ಬಂದವರಿಗೆಲ್ಲ ಹೇಳತೊಡಗಿದರು. "ಗೊತ್ತಿರಲಿಲ್ಲ ಸಾರ್, ಸಿಟ್ಟಿನಲ್ಲಿ ಮಾರಿದ್ದು," ಎಂದರೆ ಎಲ್ಲರೂ ನಗುತ್ತಿದ್ದರು. ಅದನ್ನು ವಿನಯವೆಂದು ತಿಳಿದರು. ಆಮೇಲೆ ನಾನೂ ಹಾಗೆ ಹೇಳುವುದನ್ನು ಕಡಿಮೆ ಮಾಡಿದೆ. ಮಾಷ್ಟ್ರು ಅದೇ ಕೋಣೆಯ ಮೂಲೆಯಲ್ಲಿ ಪೇಪರ್ ತಿದ್ದುತ್ತ ಕೂತಿರುತ್ತಿದ್ದರು. ಅವರದು ಎಷ್ಟು ಹೋಯಿತು, ಏನಾಯಿತು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಈಗ ಮಳೆ, ಪರೀಕ್ಷೆ ಇಷ್ಟೇ ಮಾತು.

ಮುಂದಿನ ವರ್ಷ ಬೆಳ್ತಂಗಡಿಯ ಒಂದು ಮಹಿಳಾ ಮಂಡಳಿಯಿಂದ ಕರೆ ಬಂತು. ಅಧ್ಯಕ್ಷೆ ನಮ್ಮ ಹೆಡ್ ಮಾಷ್ಟ್ರ ತಂಗಿ. ಉಳಿತಾಯ ಮತ್ತು ಷೇರಿನ ಬಗ್ಗೆ ನಾನು ಮಾತಾಡಬೇಕಂತೆ. ಆಗುವುದಿಲ್ಲ ಎನ್ನಬಹುದಿತ್ತು. ಆಮಂತ್ರಣದಲ್ಲಿ ನನ್ನ ಹೆಸರಿನ ಮುಂದೆ 'ಸಂಪನ್ಮೂಲ ವ್ಯಕ್ತಿ' ಎಂದು ಅಚ್ಚಾಗಿದ್ದನ್ನು ಕಂಡು ಬಾಯಿ ಕಟ್ಟಿತು.

ಏನು ಹೇಳಬೇಕೆಂದು ಕೊನೆಗೆ ಕೇಳಿದ್ದು ಮಾಷ್ಟ್ರನ್ನೇ. ಅವರು ಒಂದಿಷ್ಟೂ ಬೇಸರ ತೋರಿಸದೆ ಎರಡು ಮಧ್ಯಾಹ್ನ ಕೂತು ವಿವರಿಸಿದರು. "ಒಬ್ಬರೇ ಹೋಗ್ತೀರಾ? ನಾನೂ ಬರ್ತೇನೆ," ಎಂದು ಆ ಭಾನುವಾರ ಜೊತೆಗೂ ಬಂದರು. ಸಭಾಂಗಣದ ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತರು.

ನಾನು ಅವರ ಮಾತುಗಳನ್ನೇ ಹೇಳಿದೆ. ಎಲ್ಲ ಹಣ ಒಂದೇ ಕಡೆ ಹಾಕಬೇಡಿ. ಪಕ್ಕದ ಮನೆಯವರು ಕೊಂಡರೆಂದು ಕೊಳ್ಳಬೇಡಿ. ಚೆನ್ನಾಗಿ ಹೇಳಿದೆ ಅಂತಲೇ ಅನಿಸಿತು. ಆಗ ಮುಂದಿನ ಸಾಲಿನಿಂದ ಬುರ್ಖಾ ಹಾಕಿದ್ದ ಒಬ್ಬ ಹೆಂಗಸು ಎದ್ದರು. ಉಜಿರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ, ಗಂಡ ದುಬೈಯಲ್ಲಿದ್ದಾರೆ ಎಂದು ಪರಿಚಯ ಹೇಳಿಕೊಂಡು ಕೇಳಿದರು: "ಬೀಳ್ತದೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಟೀಚರ್?"

ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾಚಿಕೆಯಾಯಿತು. ಈ ಭಾರ ಇವತ್ತೇ ಇಳಿಸಿಬಿಡುವ ಅನಿಸಿತು.

"ನನಗೆ ಏನೂ ಗೊತ್ತಿರಲಿಲ್ಲ," ಎಂದೆ. "ಏಜೆಂಟನ ಮೇಲೆ ಸಿಟ್ಟು ಬಂದು ಮಾರಿದ್ದು. ಇದುವರೆಗೆ ನಾನು ಹೇಳಿದ್ದೆಲ್ಲ ಹಿಂದೆ ಕೂತಿರುವ ನಮ್ಮ ಮಾಷ್ಟ್ರು ಕಲಿಸಿದ್ದು. ನಿಜವಾಗಿ ಗೊತ್ತಿರುವವರು ಅವರು. ಸಾರ್, ದಯವಿಟ್ಟು ಎದ್ದು ನಿಲ್ಲಿ."

ಎಲ್ಲರೂ ತಿರುಗಿದರು. ಮಾಷ್ಟ್ರು ಏಳಲಿಲ್ಲ. ಯಾರೋ ಚಪ್ಪಾಳೆ ಶುರು ಮಾಡಿದ ಮೇಲೆ ಮುಂದಿನ ಕುರ್ಚಿ ಹಿಡಿದು ನಿಧಾನ ಎದ್ದರು.

"ಹಾಗಾದರೆ ಸಾರ್ ತುಂಬ ದುಡ್ಡು ಮಾಡಿರಬೇಕಲ್ಲ!" ಎಂದರು ಅಧ್ಯಕ್ಷೆ ಮೈಕಿನಲ್ಲಿ, ನಗುತ್ತ.

ಮಾಷ್ಟ್ರು ಮೂರನೇ ಸಾಲಿನ ಕಡೆ ಒಮ್ಮೆ ನೋಡಿದರು. "ಇಲ್ಲ," ಎಂದರು. "ನಾನು ಕಳೆದುಕೊಂಡೆ."

ಟೈಲರಿಂಗಿನ ಹೆಂಗಸು ಇನ್ನೂ ನಿಂತೇ ಇದ್ದರು. "ಎಲ್ಲಿ ತಪ್ಪಿತು ಸಾರ್?" ಎಂದು ಮೆಲ್ಲನೆ ಕೇಳಿದರು.

"ಗೆರೆ ಮೇಲೆ ಹೋಗ್ತಾ ಉಂಟು ಅಂತ ಮಗಳ ನರ್ಸಿಂಗ್ ಫೀಸಿನ ಹಣವನ್ನೂ ಹಾಕಿದೆ. ಜೂನ್ ತಿಂಗಳಲ್ಲಿ ಬೇಕಾಗುವ ಹಣ ಅದು. ಬಿದ್ದ ಮೇಲೆ ಕಾಯುವ ಹಾಗೆ ಇರಲಿಲ್ಲ, ಸಿಕ್ಕಿದ ಬೆಲೆಗೆ ಮಾರಿದೆ. ಬೇಗ ಬೇಕಾಗುವ ಹಣವನ್ನು ಅಲ್ಲಿ ಇಡಬಾರದು. ಅಷ್ಟೇ." ಹೇಳಿ ಕೂತುಬಿಟ್ಟರು.

ಅಧ್ಯಕ್ಷೆ ಗಡಿಬಿಡಿಯಲ್ಲಿ ನನಗೆ ಶಾಲು ಹೊದಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಶಾಲನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ. "ನಿಮ್ಮ ಬಗ್ಗೆ ಒಳ್ಳೆಯದೇ ಹೇಳಬೇಕೂಂತ ಇದ್ದೆ ಸಾರ್," ಎಂದೆ.

"ಗೊತ್ತು," ಎಂದರು. "ಮೂರನೇ ಸಾಲಿನಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದರು. ಫೀಸಿಗೆ ನಾನು ಪಿ.ಎಫ್. ತೆಗೆದದ್ದು. ಮನೆಯಲ್ಲಿ ಷೇರಿನಿಂದ ಬಂದದ್ದು ಅಂತ ಹೇಳಿದ್ದೆ."

"ಸುಳ್ಳು ಹೇಳಬಹುದಿತ್ತಲ್ಲ ಸಾರ್, ಅಲ್ಲಿ," ಎಂದು ಬಾಯಿ ತಪ್ಪಿ ಬಂತು.

"ಅಷ್ಟು ಜನರ ಎದುರು?" ಎಂದರು. "ಅವಳ ಅಕ್ಕ ಫೋನ್ ಮಾಡುವ ಮೊದಲು ನಾನು ಮನೆ ಮುಟ್ಟಬೇಕು. ನಾನೇ ಹೇಳಬೇಕು."

ಬಸ್ಸು ದಾರಿಯಲ್ಲಿ ಒಂದು ಕಡೆ ಚಹಾಕ್ಕೆ ನಿಂತಿತು. ಎಲ್ಲರೂ ಇಳಿದರು, ಅವರು ಇಳಿಯಲಿಲ್ಲ. ವಾಚು ನೋಡುತ್ತ ಕೂತಿದ್ದರು. ನನಗೆ ಹಗುರವಾಗಲಿ ಎಂದು ನಾನು ಎಬ್ಬಿಸಿ ನಿಲ್ಲಿಸಿದ ಮನುಷ್ಯ ಅವರು.

ಮನೆ ಮುಟ್ಟುವ ಮೊದಲೇ ಫೋನ್ ಬಂದಿತ್ತು ಎಂದು ಆಮೇಲೆ ತಿಳಿಯಿತು. ಮಗಳು ಓದು ಮುಗಿಸಿದಳು, ಕೆಲಸಕ್ಕೂ ಸೇರಿದಳು. ಮಾಷ್ಟ್ರು ನನ್ನೊಂದಿಗೆ ಮಾತು ಬಿಡಲಿಲ್ಲ, ಬಸ್ಸಿನಲ್ಲಿ ಸೀಟು ಹಿಡಿದಿಡುವುದನ್ನೂ ಬಿಡಲಿಲ್ಲ. ಷೇರಿನ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ.

ಅವರ ಹೆಂಡತಿ ಒಮ್ಮೆ ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಎದುರಾದರು. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದುಕೊಂಡು, ದನಿ ಏರಿಸದೆ ಕೇಳಿದರು: "ನಮ್ಮ ಮನೆಯ ವಿಷಯ ನನಗೆ ಬೆಳ್ತಂಗಡಿಯ ಸಭೆಯಿಂದ ಗೊತ್ತಾಗಬೇಕಿತ್ತಾ ಟೀಚರ್?"

ಅವರು ಕೈ ಬಿಟ್ಟು ಪಂಕ್ತಿಯ ಕಡೆ ಹೋದರು. ನಾನು ಊಟಕ್ಕೆ ಕೂರದೆ ಹೊರಟು ಬಂದೆ.