ದುರ್ಗತ್ತೆ ಮತ್ತು ಜೋಡಿ ಗರ್ಡರ್

ನಮ್ಮ ದುರ್ಗತ್ತೆಯ ಬಾಯಿಗೆ ಹೆದರದೆ ಇದ್ದದ್ದು ನಮ್ಮೂರು ತೆಂಗಿನಗುಂಡಿಯಲ್ಲಿ ಎರಡೇ. ಒಂದು ಸಮುದ್ರ, ಇನ್ನೊಂದು ಅವಳ ಮಗಳು ಕಮಲಿ. ನಾನಂತೂ ಹೆದರುತ್ತಿದ್ದೆ. ಈಗ ಅವಳ ಸುದ್ದಿ ಬರೆಯಲು ಕೂತರೂ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ದುರ್ಗಮ್ಮ ನನ್ನ ಅಪ್ಪನ ಅಕ್ಕ, ನನಗೆ ಸೋದರತ್ತೆ. ಗಂಡ ಬೇಗ ತೀರಿಕೊಂಡ ಮೇಲೆ ಮೀನಿನ ಬುಟ್ಟಿ ಹೊತ್ತೇ ಮಗಳನ್ನು ಸಾಕಿದವಳು. ನನ್ನ ಕಿವಿಯನ್ನೂ ಆಕೆಯೇ ಹಿಂಡಿ ಹಿಂಡಿ ದೊಡ್ಡದು ಮಾಡಿದಳು.

ಬೆಳಿಗ್ಗೆ ಬುಟ್ಟಿ ಹೊತ್ತು ಹೆಬಳೆ ಊರಿನ ಮೇಲಿಂದ ಭಟ್ಕಳದ ಪೇಟೆಗೆ ಹೋದಳೆಂದರೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದು ಇಲ್ಲ. ಯಾರಾದರೂ ದುಬಾರಿಯ ಅಂಜಲ್ ಮೀನು ಕೇಳಿ, ಅದು ಇಲ್ಲದಿದ್ದರೆ, "ಇಲ್ದಿದ್ರೆ ಎಂತಾತು? ಎರಡು ಬಂಗಡೆ ತಕಂಡೋಗಿ, ಸಾರು ಅದಕ್ಕಿಂತ ಚಲೋ ಆತದೆ" ಎನ್ನುತ್ತಿದ್ದಳು. ಆದರೆ ಗಿರಾಕಿ ಹುರಿಯಲಿಕ್ಕೆ ಎಂದರೆ ಮಾತ್ರ ತಟ್ಟನೆ ಬುಟ್ಟಿ ಮುಚ್ಚುತ್ತಿದ್ದಳು. "ಹಂಗಾರೆ ಬ್ಯಾಡ. ಸಾರಿಗೆ ಬದಲಿ ನಡೀತದೆ, ಮಸಾಲೆ ಎಲ್ಲ ಮುಚ್ಕಂತದೆ. ಹುರಿಯೂಕೆ ಬದಲಿ ನಡಿಯೂದಿಲ್ಲ." ಇದು ಅವಳ ವ್ಯಾಪಾರದ ಕಾನೂನು. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಮ್ಮೂರಿನ ಗಂಡಸರೆಲ್ಲ ರಂಪಣಿಯವರು. ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಬಲೆ. ಊರಿಗೆ ಊರೇ ಹಗ್ಗ ಹಿಡಿದು "ಐಲೇಸಾ" ಎಂದು ಎಳೆದರೆ ಮೀನಿನ ರಾಶಿ ಬಂದು ಬೀಳುತ್ತಿತ್ತು. ಆಗಷ್ಟೇ ದೊಡ್ಡ ದೊಡ್ಡ ಯಾಂತ್ರಿಕ ಬೋಟುಗಳು ಬಂದು ಸಮುದ್ರದ ನಡುವೆಯೇ ಮೀನು ಬಾಚತೊಡಗಿದ್ದವು. ನಮ್ಮ ಬಲೆಗೆ ಸಿಗುತ್ತಿದ್ದದ್ದು ಪಾಚಿ. ಈ ಗತಿ ನೋಡಿಯೇ ನಮ್ಮ ಕೇರಿಯ ವೆಂಕಟ ಸಕಲೇಶಪುರದ ಕೆಳಗಿನ ಘಟ್ಟದಲ್ಲಿ ನಡೆಯುತ್ತಿದ್ದ ರೈಲು ದಾರಿ ಕೆಲಸಕ್ಕೆ ಖಲಾಸಿಯಾಗಿ ಸೇರಿದ. ಹಗ್ಗ ಕಟ್ಟುವುದು, ಭಾರ ಏರಿಸುವುದು, ಇಳಿಸುವುದು ಅವನ ಕೆಲಸ.

ಭಟ್ಕಳಕ್ಕೆ ರೈಲಿನ ಸುಳಿವೂ ಇಲ್ಲದ ಕಾಲದಲ್ಲಿ ಕಮಲಿಗೆ ವೆಂಕಟ ಗೊತ್ತಾಗಿ, ದುರ್ಗತ್ತೆಗೆ ರೈಲ್ವೆ ಅಳಿಯ ಸಿಕ್ಕ! ಪೇಟೆಯಲ್ಲಿ ಅವಳ ಜಂಬದ ಮಾತು ಕೇಳಬೇಕಿತ್ತು. ಮೀನು ಕೊಳ್ಳಲು ಬಂದವರು ಅಳಿಯನ ಸುದ್ದಿಯನ್ನೂ ಹೊತ್ತುಕೊಂಡು ಹೋಗಬೇಕಾಗಿತ್ತು.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಸೋದರತ್ತೆಯ ಮಗಳ ಮೇಲೆ ಹುಡುಗನಿಗೆ ಮೊದಲ ಹಕ್ಕು ಎನ್ನುವುದು ನಮ್ಮಲ್ಲಿ ರೂಢಿ. ಕಮಲಿ ಎಂದರೆ ನನಗೆ ಜೀವವಾಗಿತ್ತು. ಆದರೆ ಅವಳಿಗೆ ವೆಂಕಟನ ಮೇಲೆ ಮನಸ್ಸು ಎಂಬುದು ದಡದ ನಾಯಿಗೂ ಗೊತ್ತಿತ್ತು. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಮದುವೆಯ ಚಪ್ಪರಕ್ಕೆ ಗಳ ಹೊರುತ್ತಿದ್ದೆ.

ಮದುವೆ ಮೇ ತಿಂಗಳ ಒಂದು ಗುರುವಾರ. ಅದರ ಹಿಂದಿನ ಶನಿವಾರ ಶಿರಾಲಿಯ ಶುಕ್ರ ಕುಂಟುತ್ತಾ ಬಂದ. ಅವನೂ ವೆಂಕಟನ ಜೊತೆಯ ಖಲಾಸಿ. ಕಾಲಿಗೆ ಪೆಟ್ಟಾಗಿ ಊರಿಗೆ ಬಂದಿದ್ದ.

"ವೆಂಕಟ ಬರೂದಿಲ್ಲ ದುರ್ಗಕ್ಕ. ಸಾಹೇಬ್ರು ಯಾರಿಗೂ ರಜೆ ಕೊಡ್ತಿಲ್ಲ."

"ಎಂತಕ್ಕೆ? ಅವರಿಗೆ ಮಕ್ಕಳು ಮರಿ ಇಲ್ಯಾ?"

ಶುಕ್ರ ಬಿಡಿಸಿ ಹೇಳಿದ. ಒಂದು ಹಳ್ಳದ ಸಣ್ಣ ಸೇತುವೆಗೆ ನಕ್ಷೆಯಲ್ಲಿ ಬರೆದಿದ್ದ ಅಳತೆಯ ದೊಡ್ಡ ಗರ್ಡರ್, ಎಂದರೆ ಕಬ್ಬಿಣದ ತೊಲೆ, ಎಲ್ಲೂ ಸಿಗಲಿಲ್ಲ. ಅದರ ಬದಲಿಗೆ ಎತ್ತರ ಕಡಿಮೆಯ ಸಣ್ಣವು ಬಂದಿವೆ. ಒಂದು ಕೂರಬೇಕಾದಲ್ಲಿ ಎರಡೆರಡು ಜೋಡಿಯಾಗಿ ಕೂರಬೇಕು. ಹೊರುವ ಕೆಲಸ ದುಪ್ಪಟ್ಟು. ಎತ್ತುವ ಯಂತ್ರ ಬೇರೆ ದೊಡ್ಡ ಸೇತುವೆಯಲ್ಲಿ ಸಿಕ್ಕಿಬಿದ್ದಿದೆ, ಆಳುಗಳು ಗದ್ದೆ ಕೆಲಸಕ್ಕೆ ಹೋಗಿದ್ದಾರೆ. ಮಳೆ ಹಿಡಿದರೆ ಹಳ್ಳಕ್ಕೆ ಇಳಿಯುವಂತಿಲ್ಲ. ಗರ್ಡರ್ ಕೂತ ಮೇಲೆಯೇ ರಜೆ.

ದುರ್ಗತ್ತೆ ಕೈಯಲ್ಲಿದ್ದ ಮೊರ ಎಸೆದಳು. "ಅವರು ಕಬ್ಬಿಣ ಬದಲಿ ಮಾಡೂದಾದ್ರೆ ನಾನೂ ಮದುಮಗನ್ನ ಬದಲಿ ಮಾಡ್ತೆ! ಊರಿಗೆಲ್ಲ ಹೇಳಿ ಆಗಿದೆ, ಮುಹೂರ್ತ ತಪ್ಪೂಕೆ ಬಿಡೂದಿಲ್ಲ. ಮಂಜ, ಗುರುವಾರ ಹಸೆಗೆ ನೀ ಕೂರು. ಅಂಜಲ್ ಇಲ್ದಿದ್ರೆ ಬಂಗಡೆ!"

ಅಯ್ಯೋ ದೇವರೇ, ಮಂಜ ಎಂದರೆ ನಾನೇ! ಬಂಗಡೆ ಎನಿಸಿಕೊಂಡದ್ದಕ್ಕೆ ಸಿಟ್ಟು, ಹಸೆಯ ಆಸೆಗೆ ಸಂತೋಷ, ಎರಡೂ ಒಟ್ಟಿಗೇ. ಆದರೆ ಕಮಲಿಯ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು.

"ಅಮ್ಮಾ, ಮದುವೆ ಅಂದ್ರೆ ಸಾರಾ, ಹುರಿಯೂದಾ?" ಎಂದು ಕೇಳಿದಳು.

ದುರ್ಗತ್ತೆ ಎಸೆದ ಮೊರವನ್ನು ತಾನೇ ಎತ್ತಿಕೊಂಡಳು. ಸುಮಾರು ಹೊತ್ತು ಅಂಗಳದಲ್ಲಿ ಅತ್ತಿತ್ತ ತಿರುಗಿದಳು. ಆಮೇಲೆ ಶುಕ್ರನ ಎದುರು ಬಂದು ನಿಂತಳು. "ಅಲ್ಲಿ ಕಡಿಮೆ ಬಿದ್ದದ್ದು ಎಳೆಯೂ ಜನ, ಅಷ್ಟೇನಾ? ನಮ್ಮೂರಲ್ಲಿ ಎಳೆಯೂದು ಬಿಟ್ರೆ ಬೇರೆ ಎಂತ ಬತ್ತದೆ ಯಾರಿಗೆ?"

ಭಾನುವಾರ ಬೆಳಿಗ್ಗೆ ಭಟ್ಕಳದ ಸಾಹುಕಾರರೊಬ್ಬರ ಮೀನಿನ ಲಾರಿ ನಮ್ಮ ಕೇರಿಯಲ್ಲಿ ನಿಂತಿತು. ಅವರನ್ನು ಆಕೆ ಹೇಗೆ ಒಪ್ಪಿಸಿದಳೋ ನಾನರಿಯೆ, ಬೈದೇ ಒಪ್ಪಿಸಿರಬೇಕು. ರಂಪಣಿಯ ಗಟ್ಟಿ ಆಳುಗಳು, ಬಲೆಯ ದಪ್ಪ ಹಗ್ಗ, ದೋಣಿ ಜಾರಿಸುವ ಮರದ ತುಂಡುಗಳು, ಅವುಗಳಿಗೆ ಸವರುವ ಮೀನೆಣ್ಣೆಯ ಡಬ್ಬ ಎಲ್ಲ ಏರಿದವು. ಡ್ರೈವರ್ ಪಕ್ಕ ದುರ್ಗತ್ತೆ ವೀಳ್ಯ ಹಾಕಿಕೊಂಡು ಕೂತಳು. ಬದಲಿ ಮದುಮಗನಾದ ನಾನು ಹಿಂದೆ, ಎಣ್ಣೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು. ಹೊನ್ನಾವರ, ಕುಮಟೆಗಳಿಗಿಂತ ದೂರ ಹೋಗದ ನಾವು ಮಂಗಳೂರು ದಾಟಿ ಘಟ್ಟ ಕಂಡಾಗ ಲಾರಿಯ ಅಂಚು ಹಿಡಿದು ಎದ್ದೇ ನಿಂತೆವು.

ಅಲ್ಲಿನ ಇಂಜಿನಿಯರ್ ಸಾಹೇಬರು ಧಾರವಾಡದ ಕಡೆಯವರು, ಬಿಳಿ ಮೀಸೆಯ ಶಾಂತ ಮನುಷ್ಯ. ಲಾರಿಯಿಂದ ಇಳಿದ ನಮ್ಮನ್ನೂ ನಮ್ಮ ವಾಸನೆಯನ್ನೂ ಕಂಡು ಮೂಗಿಗೆ ಕರ್ಚೀಫು ಹಿಡಿದರು. ವೆಂಕಟ ನಾಚಿಕೆಯಿಂದ ಮಣ್ಣಿನ ರಾಶಿಯ ಹಿಂದೆ ಅಡಗಿದ.

"ಒಂದರ ಬದಲಿ ಎರಡು ಹಾಕ್ತ್ರಂತೆ. ಇದು ಸಾರಾ, ಹುರಿಯೂದಾ?" ಎಂದು ಅತ್ತೆ ಕೇಳಿದಳು.

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಅಂಜಲ್ ಮತ್ತು ಬಂಗಡೆಯ ಕಾನೂನನ್ನು ನಾನೇ ವಿವರಿಸಿದೆ. ಅವರು ಮೀಸೆಯೊಳಗೇ ನಕ್ಕರು.

"ಸಾರು ಅಂತ ತಿಳಕೋ ತಾಯಿ. ಆದ್ರ ಎರಡೂ ಬಂಗಡಿ ಕೂಡಿ ಬೇಯಬೇಕು. ಒಂದು ಭಾರ ಹೊತ್ತು ಇನ್ನೊಂದು ಸುಮ್ನ ಕುಂತ್ರ ನಡಿಯಂಗಿಲ್ಲ. ಅದಕ್ಕ ನಡುವ ಬೋಲ್ಟ್ ಹಾಕಿ ಬಿಗೀತೇವಿ. ಗಿಡ್ಡ ಅದಾವಲ್ಲ, ಕೆಳಗ ಕಲ್ಲು ಏರಿಸೇವಿ. ಲೆಕ್ಕ ಹಾಕೇ ಬದಲಿ ಮಾಡೂದು, ಸುಮ್ಸುಮ್ನ ಅಲ್ಲ."

"ಹಂಗಾರೆ ಆತು. ನಮ್ಮವರು ಎಳೀತ್ರು. ನನ್ನ ಅಳಿಯನ್ನ ಕೊಡಿ."

ಅವರು ಕೂಡಲೇ ಒಪ್ಪಲಿಲ್ಲ. ಯಾರಿಗಾದರೂ ಪೆಟ್ಟಾದರೆ ಯಾರು ಜವಾಬು ಕೊಡುವುದು ಎಂದರು. ಕೊನೆಗೆ ನಮ್ಮನ್ನು ದಿನಗೂಲಿಗೆ ಬರೆಸಿಕೊಂಡು, ಯಾರು ಎಲ್ಲಿ ನಿಲ್ಲಬೇಕೆಂದು ತಾವೇ ತೋರಿಸಿದರು.

ರಸ್ತೆಯಿಂದ ಹಳ್ಳದವರೆಗೆ ಇಳಿಜಾರು, ಅಲ್ಲಿ ಮರದ ತುಂಡು ಹಾಸಿ ಅವುಗಳ ಮೇಲೆ ಗರ್ಡರ್ ಜಾರಿಸಬೇಕು. ಮುಂದಿನ ಹಗ್ಗದವರು ಎಳೆಯಬೇಕು, ಹಿಂದಿನ ಹಗ್ಗದವರು ತಡೆದು ಬಿಡುತ್ತಾ ಬರಬೇಕು. ವೆಂಕಟ ಹಾರೆ ಹಿಡಿದು ಮುಂದೆ ದಾರಿ ತಿದ್ದುತ್ತಿದ್ದ. ನಾನು ಹಿಂದಿನ ಹಗ್ಗದ ಕೊನೆಯವ. "ಐಲೇಸಾ" ಎಂದು ನಮ್ಮವರು ಎತ್ತಿದ ದನಿಗೆ ಕಾಡಿನ ಮಂಗಗಳೆಲ್ಲ ಓಡಿದವು. ಸೋಮವಾರ ಪೂರ್ತಿ ಎಳೆದೆವು, ಮಂಗಳವಾರವೂ ಎಳೆದೆವು. ಗರ್ಡರುಗಳು ಒಂದೊಂದಾಗಿ ಹೋಗಿ ಕೂತವು.

ಕೊನೆಯದರ ಹೊತ್ತಿಗೆ ಅತ್ತೆಗೆ ತಾಳ್ಮೆ ತಪ್ಪಿತು. ದೋಣಿಯನ್ನು ಮರಳಿನ ಮೇಲೆ ಹತ್ತಿಸಲು ಎಣ್ಣೆ ಹೆಚ್ಚಿದಷ್ಟೂ ಒಳ್ಳೆಯದು. ಅದೇ ಲೆಕ್ಕದಲ್ಲಿ, "ಇನ್ನೂ ಹಾಕಿ, ಬೇಗ ಹೋತದೆ!" ಎಂದು ಡಬ್ಬವನ್ನೇ ಮರದ ತುಂಡುಗಳ ಮೇಲೆ ಬೋರಲು ಹಾಕಿದಳು. ಸಾಹೇಬರು "ಬ್ಯಾಡ!" ಎಂದು ಕೂಗುವಷ್ಟರಲ್ಲಿ ಗರ್ಡರ್ ತಾನಾಗಿಯೇ ಹೊರಟಿತು. ಇಳಿಜಾರಿಗೆ ಯಾರಾದರೂ ಎಣ್ಣೆ ಸುರಿಯುತ್ತಾರಾ? ನಮ್ಮವರೇ ಸುರಿಯಬೇಕು!

ಮುಂದಿನವರು ಹಗ್ಗ ಬಿಟ್ಟು ಚದುರಿದರು. ವೆಂಕಟ ಹಿಂದೆ ಸರಿಯಲು ಹೋಗಿ ಕಲ್ಲುಗಳ ನಡುವೆ ಬಿದ್ದ. ನನ್ನ ಜೊತೆಯವರ ಕೈಯಿಂದ ಹಗ್ಗ ಜಾರಿತು. ನಾನೊಬ್ಬ ಅದರ ತುದಿಯನ್ನು ಪಕ್ಕದ ಮರಕ್ಕೆ ಎರಡು ಸುತ್ತು ಸುತ್ತಿ, ಕಾಲು ಕೊಟ್ಟು ಹಿಡಿದೆ. ಅಂಗೈಯ ಚರ್ಮ ಹಗ್ಗದ ಜೊತೆಗೇ ಹೋಯಿತು. ಉರಿ ತಾಳಲಾರದೆ ಬೊಬ್ಬೆ ಹೊಡೆದೆ, ಆದರೆ ಬಿಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಹಸೆಯೂ ನೆನಪಾಗಲಿಲ್ಲ, ರೂಢಿಯೂ ನೆನಪಾಗಲಿಲ್ಲ. ಕಮಲಿಯ ಕಣ್ಣಿನ ನೀರೊಂದೇ ಕಣ್ಣ ಮುಂದೆ ಇತ್ತು. ವೆಂಕಟನ ಕಾಲಿನಿಂದ ಒಂದು ಮೊಳ ದೂರದಲ್ಲಿ ಗರ್ಡರ್ ನಿಂತಿತು.

ದುರ್ಗತ್ತೆ ಖಾಲಿ ಡಬ್ಬವನ್ನು ದೂರ ಎಸೆದಳು. ಆಮೇಲೆ ಓಡಿ ಬಂದು, ತನ್ನ ಸೆರಗು ಹರಿದು ನನ್ನ ಎರಡೂ ಕೈಗೆ ಸುತ್ತಿದಳು. ಅವಳು ಬೈಯದೆ ಗಂಟು ಬಿಗಿದದ್ದು ನೋಡಿ ನನಗೆ ಇನ್ನೂ ಭಯವಾಯಿತು.

ಮಣ್ಣು ಚೆಲ್ಲಿ, ಎಣ್ಣೆ ಒರೆಸಿ, ಸಂಜೆಯೊಳಗೆ ಅದನ್ನೂ ಕೂರಿಸಿದೆವು. ಸಾಹೇಬರು ಅತ್ತೆಯನ್ನು ಚೆನ್ನಾಗಿ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈದು ಮುಗಿಸಿ ರಜೆಯನ್ನೂ ಕೊಟ್ಟರು. ಗುರುವಾರದ ಮುಹೂರ್ತಕ್ಕೆ ವೆಂಕಟ ಮೀನೆಣ್ಣೆಯ ವಾಸನೆಯ ಸಮೇತ ಹಸೆಯ ಮೇಲಿದ್ದ. ಮರುದಿನದ ಮೀನೂಟಕ್ಕೆ ನನ್ನ ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಪಂಕ್ತಿಯಲ್ಲಿ ಎಲ್ಲರೆದುರು ಅತ್ತೆ ನನ್ನ ಪಕ್ಕ ಕೂತು, ಹುರಿದ ಅಂಜಲಿನ ಮುಳ್ಳು ಬಿಡಿಸಿ ಬಾಯಿಗಿಟ್ಟಳು. ಕೇರಿಯವರೆಲ್ಲ ನಕ್ಕರು. ನಾನೂ ನಕ್ಕೆ, ಮೂರು ತುಂಡು ತಿಂದೆ.

ಎರಡು ವರ್ಷ ಬಿಟ್ಟು ನನಗೆ ಗಂಗಿಯನ್ನು ಹುಡುಕಿ ತಂದವಳೂ ಅವಳೇ. ನನ್ನ ಗಂಗಿ ಅವಳಿಗಿಂತ ಜೋರು. ಅದಕ್ಕೇ ಆರಿಸಿದ್ದಂತೆ.

ಎಂಬತ್ತನಾಲ್ಕರಲ್ಲೋ ಐದರಲ್ಲೋ ದುರ್ಗತ್ತೆಗೆ ತನ್ನ ಸೇತುವೆ ನೋಡುವ ಹಟ ಬಂತು. ತನ್ನ ಸೇತುವೆ! ಮಂಗಳೂರಿನಲ್ಲಿ ರೈಲು ಹತ್ತಿದೆವು. ಒಂದು ಕಡೆ ವೆಂಕಟ, ಇನ್ನೊಂದು ಕಡೆ ನಾನು, ನಡುವೆ ಹೊಸ ಸೀರೆಯ ಅತ್ತೆ. ಘಟ್ಟ ಹತ್ತುವಾಗ ವೆಂಕಟ, "ಈಗ ಬತ್ತದೆ, ಕಣ್ಣು ಮಿಟುಕಿಸ್ಬೇಡಿ, ಸಣ್ಣದು" ಎಂದು ಎಚ್ಚರಿಸಿದ. ಮೂವರೂ ಕಿಟಕಿಗೆ ಅಂಟಿಕೊಂಡೆವು.

ಆಗ ಎದುರು ಸೀಟಿನ ಹೆಂಗಸು, "ಇಬ್ಬರೂ ನಿಮ್ಮ ಅಳಿಯಂದಿರಾ?" ಎಂದು ಕೇಳಿದಳು.

"ಅಂವ ಅಳಿಯ. ರೈಲ್ವೆಯವ" ಎಂದಳು ಅತ್ತೆ, ಎಂದಿನ ಜಂಬದಲ್ಲಿ. ಆಮೇಲೆ ನನ್ನ ಕೈ ಎಳೆದುಕೊಂಡು, ಅಂಗೈಯ ಗಾಯದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. "ಇಂವ ನನ್ನ ತಮ್ಮನ ಮಗ. ಅಂವ ಇಲ್ದಿದ್ರೆ ಬೇರೆ ಅಳಿಯ ಸಿಕ್ತಿದ್ದ. ಇವನ ಬದಲಿಗೆ ಯಾರೂ ನಡಿಯೂದಿಲ್ಲ."

"ಅತ್ತೇ!" ಎಂದು ವೆಂಕಟ ಗೊಳ್ಳನೆ ನಕ್ಕ. ನನಗೆ ನಗಲಿಕ್ಕೆ ಆಗಲಿಲ್ಲ. ಕಣ್ಣು ಒರೆಸಿಕೊಂಡು ಕಿಟಕಿಯ ಕಡೆ ತಿರುಗುವಷ್ಟರಲ್ಲಿ ನಮ್ಮ ಸೇತುವೆ ದಾಟಿಹೋಗಿತ್ತು.